ಟವೆಲ್ಲಿನೊಳಗಿನ ಕೈ

೧೯೮೪ರ ಬೇಸಿಗೆಯ ಒಂದು ಸಂತೆಯ ದಿನ, ಕುಂದಗೋಳದ ದನದ ಪೇಟೆಯಲ್ಲಿ, ಯರಗುಪ್ಪಿಯ ದಲಾಲ ಫಕ್ಕೀರಪ್ಪ ಒಂದು ಜೋಡಿ ಎತ್ತಿನ ವ್ಯಾಪಾರವನ್ನು ಅರ್ಧಕ್ಕೆ ಬಿಟ್ಟು, ಟವೆಲ್ಲಿನೊಳಗಿಂದ ಕೈ ಹೊರಗೆ ತೆಗೆದು, ಜನರ ಕಡೆ ತಿರುಗಿ, “ಯಾಂವಲೇ ಅಂವ, ನನ್ನ ರೇಟ ಒದರಾಂವ?” ಎಂದು ಕೇಳಿದ. ಯಾರೂ ಒದರಿರಲಿಲ್ಲ. ಫಕ್ಕೀರಪ್ಪ ನನ್ನ ಕಾಕಾ, ಅಪ್ಪನ ತಮ್ಮ. ನಾನು ಅಲ್ಲೇ ನಿಂತಿದ್ದೆ.

ಇದು ಮತ್ತೆ ನೆನಪಾದದ್ದು ಹೋದ ತಿಂಗಳು, ಹುಬ್ಬಳ್ಳಿಯ ಒಂದು ಕ್ಲಿನಿಕ್ಕಿನಲ್ಲಿ. ಕೆಮ್ಮು ಬಿಡುತ್ತಿಲ್ಲವೆಂದು ಹೋಗಿದ್ದೆ. ನನ್ನನ್ನು ಮಲಗಿಸಿ, ಮೇಲೊಂದು ಚಾದರ ಹೊದಿಸಿ, ನರ್ಸು ನನ್ನ ತೋರುಬೆರಳಿಗೆ ಬಟ್ಟೆ ಒಣಹಾಕುವ ಚಿಮಟದಂಥ ಒಂದು ಸಣ್ಣ ಯಂತ್ರ ಸಿಕ್ಕಿಸಿ ಹೋದಳು. ಕೈ ಚಾದರದ ಕೆಳಗಿತ್ತು. ಯಾರೋ ನನ್ನ ಒಂದು ಬೆರಳು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸಿತು. ನೂರಕ್ಕೆ ಕೇಳುತ್ತಿದ್ದಾರೆ, ಇನ್ನಷ್ಟು ಏರಿಸಬೇಕು ಎಂದು ಒಳಗಿನಿಂದ ಒಂದು ಹಳೆಯ ಲೆಕ್ಕ ಎದ್ದಿತು. ನರ್ಸು ಬಂದು ನೋಡಿ, “ತೊಂಬತ್ತೇಳು ಐತ್ರಿ” ಎಂದಳು. ನನಗೆ ನಗು ಬಂತು. ಆಕೆಗೆ ಕಾರಣ ಹೇಳಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ದನದ ಸಂತೆಯಲ್ಲಿ ಆಗ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನ ಕಡೆಯ ದಲಾಲನೂ ಎದುರುಬದುರು ನಿಂತು ಕೈ ಹಿಡಿಯುತ್ತಿದ್ದರು. ಕೈಗಳ ಮೇಲೆ ಒಂದು ಟವೆಲ್ಲು. ಅದರ ಕೆಳಗೆ ಬೆರಳುಗಳು ಮಾತಾಡುತ್ತಿದ್ದವು. ಮೂರು ಬೆರಳು ಹಿಡಿದರೆ ಮೂರು, ಅಂಗೈ ತುಂಬ ಹಿಡಿದರೆ ಐದು. ಮೊದಲು ಸಾವಿರಗಳ ಲೆಕ್ಕ, ಆಮೇಲೆ ನೂರುಗಳದ್ದು, ಹತ್ತುಗಳದ್ದು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಟವೆಲ್ಲು ಅಲುಗುವುದು ಮತ್ತು ಎರಡು ಮುಖ. ಆ ಮುಖಗಳಲ್ಲಿ ಏನೂ ಕಾಣದಂತೆ ನೋಡಿಕೊಳ್ಳುವವನೇ ಒಳ್ಳೆಯ ದಲಾಲ. ಎತ್ತಿನ ಮಾಲೀಕ ತನ್ನ ಕೊನೆಯ ರೇಟನ್ನು, ಅಂದರೆ ಇದಕ್ಕಿಂತ ಕಡಿಮೆಗೆ ಕೊಡಬೇಡ ಎಂಬುದನ್ನು, ದಲಾಲನ ಕಿವಿಯಲ್ಲಿ ಹೇಳಿ ದೂರ ಹೋಗಿ ನಿಲ್ಲುತ್ತಿದ್ದ. ಆ ಗುಟ್ಟನ್ನು ಇಟ್ಟುಕೊಂಡು ಅದಕ್ಕಿಂತ ಹೆಚ್ಚು ತರುವುದು ಕಾಕಾನ ಕೆಲಸ.

ನಾನು ಆಗಷ್ಟೇ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸಂತೆಗಳ ಧಾರಣೆ ಕಳಿಸುವ ಕೆಲಸಕ್ಕೆ ಸೇರಿದ್ದೆ. ಹತ್ತಿ, ಶೇಂಗಾ, ಮೆಣಸಿನಕಾಯಿಯ ರೇಟು ಕೂಗಿ ಹೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದೆ. ದನದ ರೇಟಿಗೆ ಮಾತ್ರ ಕಾಕಾನನ್ನೇ ಕೇಳಬೇಕು. ಅವನು ಸಂಜೆ ಚಹಾ ಕುಡಿಯುತ್ತ, “ಬರಕೋಲೇ ಪೇಪರ್‌ಸಾಹೇಬ” ಎಂದು ಶುರು ಮಾಡುತ್ತಿದ್ದ. ಅವನ ಹೊಟ್ಟೆಪಾಡು ಬೆಲೆಯನ್ನು ಮುಚ್ಚುವುದು, ನನ್ನದು ಬಿಚ್ಚುವುದು. ನಮ್ಮಿಬ್ಬರಿಗೂ ಇದು ತಮಾಷೆಯಾಗಿತ್ತು, ಆ ಬೇಸಿಗೆಯ ತನಕ.

ಆ ಸಂತೆಯ ದಿನದಿಂದ ಕಾಕಾನಿಗೆ ಬೇರೆ ಯಾರಿಗೂ ಕೇಳದ ಒಂದು ಧ್ವನಿ ಕೇಳತೊಡಗಿತ್ತು. ಅದು ಅವನಿಗೆ ಬೈಯುತ್ತಿರಲಿಲ್ಲ, ಅಪ್ಪಣೆ ಕೊಡುತ್ತಿರಲಿಲ್ಲ. ಅದು ಮಾಡುತ್ತಿದ್ದದ್ದು ಒಂದೇ ಕೆಲಸ. ಮಾಲೀಕ ಕಿವಿಯಲ್ಲಿ ಹೇಳಿದ ಕೊನೆಯ ರೇಟನ್ನು ಸಂತೆಗೆಲ್ಲ ಕೇಳುವಂತೆ ಕೂಗುವುದು. ಕೆಲವು ವಾರದಲ್ಲಿ ಅದು ಮನೆಗೂ ಬಂತು. ಅವನು ಎಷ್ಟು ರೊಟ್ಟಿ ತಿಂದ, ಏನು ಯೋಚಿಸಿದ ಎಂಬುದನ್ನೆಲ್ಲ ಓಣಿಗೆ ಹೇಳತೊಡಗಿತು. ಕಾಕಾ ಮಾತು ನಿಲ್ಲಿಸಿದ. ಬಾಯಿ ಮುಚ್ಚಿದರೂ ಧ್ವನಿ ನಿಲ್ಲಲಿಲ್ಲ. ಯಾರು ಕೂಗಿಸುತ್ತಿದ್ದಾರೆ ಎಂದು ಹುಡುಕುತ್ತ ಅವನು ಬಂದು ನಿಂತದ್ದು ನನ್ನ ಮುಂದೆ.

“ಪೇಪರ್‌ನ್ಯಾಗ ಹಾಕೀಯೇನಲೇ?” ಎಂದು ಕೇಳಿದ.

ಪತ್ರಿಕೆ ತಂದು ತೋರಿಸಿದೆ. ಪುಟ ತಿರುವಿ ತಿರುವಿ ಅವನ ಹೆಸರು ಎಲ್ಲೂ ಇಲ್ಲವೆಂದು ಸಾಧಿಸಿದೆ. ಪುರಾವೆ ಕಣ್ಣಮುಂದೆ ಇಟ್ಟರೆ ಮನುಷ್ಯ ಒಪ್ಪುತ್ತಾನೆ ಎಂಬ ನಂಬಿಕೆ ಹೊಸ ವರದಿಗಾರನಿಗೆ ಇರುತ್ತದೆ. ಕಾಕಾ ಎಲ್ಲ ನೋಡಿ, ಮಡಚಿ ನನ್ನ ಕೈಗೆ ಕೊಟ್ಟು, “ನನಗ ತೋರಸಾಕ ಅಂತ ಬ್ಯಾರೇನ ಅಚ್ಚ ಹಾಕಿಸಿಕೊಂಡ ಬಂದೀ” ಎಂದ.

ಅವನ ಹೆಂಡತಿ ನೀಲವ್ವ, ನನ್ನ ಚಿಗವ್ವ, ಅವನ ತೋಳಿಗೆ ಅಂತ್ರ ಕಟ್ಟಿಸಿದಳು. ಮಠದ ಅಜ್ಜಾರ ಕಡೆಯಿಂದ ವಿಭೂತಿ ತಂದಳು. ಆ ಅಜ್ಜಾರೇ, “ಇದನ್ನ ಹಚ್ಚರಿ, ಧಾರವಾಡಕ್ಕೂ ಕರ್ಕೊಂಡು ಹೋಗ್ರಿ” ಎಂದರಂತೆ. ನಮ್ಮ ಕಡೆ ಧಾರವಾಡಕ್ಕೆ ಕರೆದುಕೊಂಡು ಹೋದರು ಎಂದರೆ ಯಾವ ಆಸ್ಪತ್ರೆಗೆ ಎಂದು ಯಾರೂ ಕೇಳುವುದಿಲ್ಲ, ಹುಚ್ಚಿನ ಆಸ್ಪತ್ರೆಗೇ. ಹೀಗೆ ನಾವು ಮೂವರು ಬಸ್ಸು ಹತ್ತಿದೆವು. ಚಿಗವ್ವ ದಾರಿಯುದ್ದಕ್ಕೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಕಾಕಾ ಕಂಡಕ್ಟರನ ಬಾಯಿಯನ್ನೇ ನೋಡುತ್ತಿದ್ದ, ಅವನು ಊರುಗಳ ಹೆಸರಿನ ನಡುವೆ ತನ್ನ ವಿಷಯವನ್ನೂ ಕೂಗುತ್ತಾನೇನೋ ಎಂದು.

ಅಲ್ಲಿ ಎರಡು ಕೋಣೆಗೆ ಹೋಗಬೇಕಿತ್ತು. ಒಂದರಲ್ಲಿ ಡಾಕ್ಟರು ಕೂತು ಗುಳಿಗೆ ಬರೆದುಕೊಡುತ್ತಿದ್ದರು. ಬಾಜು ಕೋಣೆಯಲ್ಲಿ ಕಾಟನ್ ಸೀರೆಯುಟ್ಟ ಒಬ್ಬ ಬಾಯಾರು ಸುಮ್ಮನೆ ಮಾತಾಡಿಸುತ್ತಿದ್ದರು. ಚಿಗವ್ವ ಅವಕ್ಕೆ ಗುಳಗಿ ಖೋಲಿ, ಮಾತಿನ ಖೋಲಿ ಎಂದು ಹೆಸರಿಟ್ಟಳು. ಅವಳಿಗೆ ಎರಡನೆಯದರಲ್ಲಿ ನಂಬಿಕೆ ಇರಲಿಲ್ಲ. “ಮಾತಾಡಾಕ ಇಷ್ಟ ದೂರ ಬರಬೇಕೇನ? ಮನ್ಯಾಗ ನಾ ಆಡತಿದ್ನಲ್ಲ” ಎಂದಳು.

ನನ್ನ ಕುತೂಹಲವೆಲ್ಲ ಆ ಎರಡನೆಯ ಕೋಣೆಯ ಮೇಲೇ. ಬಾಯಾರು ಧ್ವನಿ ಖರೆಯೆಂದೂ ಹೇಳಲಿಲ್ಲ, ಸುಳ್ಳೆಂದೂ ಹೇಳಲಿಲ್ಲ. ಊಟದ ಬಗ್ಗೆ ಕೇಳುವಷ್ಟೇ ಸಲೀಸಾಗಿ ಕೇಳಿದರು. ಯಾವಾಗ ಜೋರಿರುತ್ತದೆ? ಗಂಡಸಿನದೋ ಹೆಂಗಸಿನದೋ? ವ್ಯಾಪಾರ ಹೇಗೆ ನಡೆಯುತ್ತದೆ? ಕಾಕಾ ತುಸು ತುಸುವೇ ಹೇಳಿದ. ಎಲ್ಲ ಕೇಳಿ ಅವರು ಒಂದು ಪ್ರಶ್ನೆ ಇಟ್ಟರು.

“ಫಕ್ಕೀರಪ್ಪ, ನಿಮ್ಮ ಕೊನೇ ರೇಟು ಎಲ್ಲಾರಿಗೂ ಕೇಳಸ್ತದ ಅಂತೀರಿ. ಹಂಗಾದ್ರ ಕೊಳ್ಳಾಂವ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಯಾಕ ಕೊಡ್ತಾನ?”

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಇಂಥ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹಿಂದಿನ ಸಂತೆಯಲ್ಲೇ ಮಾಬುಸಾಬ ಹೆಚ್ಚು ಕೊಟ್ಟು ಹೋರಿ ಹೊಡೆದುಕೊಂಡು ಹೋಗಿದ್ದ. ಮಾಬುಸಾಬ ದನ ಕೊಳ್ಳುವ ವ್ಯಾಪಾರಿ, ಕಾಕಾನ ಚಡ್ಡಿ ದೋಸ್ತ. ಸಂತೆಯಲ್ಲಿ ಮಾತ್ರ ಅವರು ವೈರಿಗಳು.

ಕಾಕಾ ತಡಮಾಡಲಿಲ್ಲ. “ನನಗ ಗೊತ್ತಾಗಬಾರದು ಅಂತ ಹೆಚ್ಚ ಕೊಟ್ಟಾನ್ರಿ. ಅಂವ ಭಾಳ ಶಾಣ್ಯಾ ಅದಾನ.”

ಬಾಯಾರು ತಲೆಯಾಡಿಸಿ ಆ ಮಾತು ಅಲ್ಲಿಗೇ ಬಿಟ್ಟರು. ಅವರಿಗೆ ಸೋತ ಮುಖ ಇರಲಿಲ್ಲ. ನನಗಿತ್ತು.

ಗುಳಿಗೆ ಶುರುವಾಯಿತು. ಕಾಕಾ ಕೆಲವು ದಿನ ನಿದ್ದೆಯಲ್ಲೇ ಇದ್ದ. ಆಮೇಲೆ ಎದ್ದು ಹೊಲಕ್ಕೆ ಹೋಗತೊಡಗಿದ. ಧ್ವನಿ ಓಣಿ ಬಿಟ್ಟು ಹೋಯಿತು, ಮನೆ ಬಿಟ್ಟು ಹೋಯಿತು. ದೀಪಾವಳಿಯ ಹೊತ್ತಿಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೊರಟ. ಚಿಗವ್ವ ಅಜ್ಜಾರಿಗೆ ಕಾಯಿ ಒಡೆಸಿದಳು. ನಾವೆಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆ ಚಳಿಗಾಲದಲ್ಲಿ ಕಾಕಾನ ಕೈಯಿಂದ ಹೋದ ಎತ್ತುಗಳೆಲ್ಲ ಅಗ್ಗಕ್ಕೆ ಹೋದವು. ನಾನು ಅದನ್ನು ಗಮನಿಸಿದೆ. ಗಮನಿಸಿ, ಕುಂದಗೋಳ ಪೇಟೆಯಲ್ಲಿ ದನದ ಧಾರಣೆ ಇಳಿಮುಖ ಎಂದು ಪತ್ರಿಕೆಗೆ ಬರೆದೆ. ಉಳಿದ ದಲಾಲರ ರೇಟು ಇಳಿದಿರಲಿಲ್ಲ ಎಂಬುದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಧಾನಕ್ಕೆ ರೈತರು ಬೇರೆ ದಲಾಲರನ್ನು ಕರೆಯತೊಡಗಿದರು. ಕಾಕಾ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬೇವಿನ ಗಿಡದ ಬುಡಕ್ಕೆ ಕೂತು ಬರುತ್ತಿದ್ದ. ಆಮೇಲೆ ಗುಳಿಗೆ ಬಿಟ್ಟ. ಮರುಬೇಸಿಗೆಗೆ ಧ್ವನಿ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಒಂದು ದಿನ ಅದು ಕೇಳಬಾರದೆಂದು ಬಾವಿಗೆ ಇಳಿದು ಕೊರಳಮಟ ನೀರಲ್ಲಿ ನಿಂತಿದ್ದ. ಮಾಬುಸಾಬ ಹಗ್ಗ ಇಳಿಬಿಟ್ಟು, “ಮ್ಯಾಲ ಬಾರಲೇ ಫಕೀರ, ನೀ ಹ್ವಾದರ ನಾ ಯಾರಿಗೆ ಟೋಪಿ ಹಾಕ್ಲಿ?” ಎಂದು ಬಯ್ಯುತ್ತ, ಅಳುತ್ತ ಎಳೆದುಕೊಂಡ.

ಮತ್ತೆ ಧಾರವಾಡ. ಈ ಸಲ ಅಲ್ಲೇ ಕೆಲವು ವಾರ ಇಟ್ಟುಕೊಂಡರು. ಗುಳಿಗೆಯ ಪ್ರಮಾಣ ಏರಿತು, ಧ್ವನಿ ಇಳಿಯಿತು. ಮನೆಗೆ ಕಳಿಸಿ, ಆಮೇಲೆ ತಿರುಗಿ ಬಂದು ತೋರಿಸಬೇಕೆಂದರು. ನಾನು ಹೇಳಹೊರಟದ್ದು ಹಾಗೆ ತೋರಿಸಲು ಹೋದ ದಿನದ ಸಂಗತಿ.

ಕಾಕಾ ಎಂದಿನಂತೆ ಟವೆಲ್ಲನ್ನು ತೊಡೆಯ ಮೇಲೆ ಹರವಿ, ಎರಡೂ ಕೈಯನ್ನು ಅದರ ಕೆಳಗೆ ಇಟ್ಟುಕೊಂಡು ಕೂತಿದ್ದ. ದಲಾಲನ ರೂಢಿ ಎಂದು ನಾವು ಅದನ್ನು ನೋಡಿಯೂ ನೋಡುತ್ತಿರಲಿಲ್ಲ. ಚಿಗವ್ವ ಬಾಯಾರ ಮುಂದೆ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: “ಆ ಧ್ವನೀನ ಬ್ಯಾಡ ಅಂದೈತ್ರಿ. ಅದಕ್ಕ ಗುಳಗಿ ಬಿಟ್ಟಾರ. ಈಗೂ ಬಿಡತಾರ ನೋಡ್ರಿ, ನನಗ ಗೊತ್ತೈತಿ.”

ನಾನೂ ಹಾಗೇ ತಿಳಿದಿದ್ದೆ. ಡಾಕ್ಟರೂ ಹಾಗೇ ತಿಳಿದಿದ್ದರು ಎಂದು ಕಾಣುತ್ತದೆ.

ಬಾಯಾರು ಕಾಕಾನ ಕಡೆ ತಿರುಗಿದರು. “ಧ್ವನಿ ಬಿಡು ಅಂತೇನ್ರಿ?”

“ಇಲ್ರಿ.”

“ಮತ್ತ?”

ಕಾಕಾ ತೊಡೆಯ ಮೇಲಿನ ಟವೆಲ್ಲು ನೋಡಿದ. ಬಾಯಾರು ಅವಸರ ಮಾಡಲಿಲ್ಲ. ನಾನು ಹಲವು ಸಂದರ್ಶನಗಳಲ್ಲಿ ನಡುವೆ ಬಾಯಿ ಹಾಕಿ ಕೆಡಿಸಿದವನು. ಅಂದು ನಾಲಿಗೆ ಕಚ್ಚಿಕೊಂಡು ಕೂತೆ.

“ಯಾಪಾರದ ಮಾತ್ರಿ ಅದು” ಎಂದ ಕಾಕಾ ಕೊನೆಗೆ. “ಬಾಯಿಲೆ ಹೇಳೂದಲ್ಲ.”

“ಹಂಗಾದ್ರ ಕೈಲೇ ಹೇಳ್ರಿ.”

ಕಾಕಾ ನಾಚಿಕೊಂಡ. ಹೆಂಗಸರ ಕೈ ಹೇಗೆ ಹಿಡಿಯುವುದು? ಬಾಯಾರಿಗೆ ಅರ್ಥವಾಯಿತು. ಎದ್ದು ಹೋಗಿ ಬಾಜು ಕೋಣೆಯಿಂದ ಡಾಕ್ಟರನ್ನು ಕರೆದುಕೊಂಡು ಬಂದರು. ಹೊರಗೆ ಸಾಲು ನಿಂತಿತ್ತು. ಡಾಕ್ಟರು ಪೆನ್ನು ಕಿಸೆಗೆ ಸಿಕ್ಕಿಸುತ್ತ ಬಂದು, ಏನು ಎತ್ತ ತಿಳಿಯದೆ ಕಾಕಾನ ಎದುರು ಕೂತರು.

ಕಾಕಾ ಗೋಡೆಯ ಬದಿಯ ಕುರ್ಚಿ ತೋರಿಸಿದ. “ಅದು ಎತ್ತು ಅಂತ ತಿಳಕೋರಿ. ನಾ ಮಾರಾಂವ, ನೀವು ಕೊಳ್ಳಾವ್ರು.”

“ಹಲ್ಲು ನೋಡಬೇಕೇನು?” ಎಂದರು ಡಾಕ್ಟರು.

“ನಾಕ ಕಾಲ ಅದಾವಲ್ರಿ, ಸಾಕು.”

ಕೈಗಳು ಕೂಡಿದವು, ಟವೆಲ್ಲು ಮೇಲೆ ಬಿತ್ತು. ಕಾಕಾ ಹೇಳಿಕೊಟ್ಟ ಹಾಗೆ ಡಾಕ್ಟರು ಬೆರಳು ಹಿಡಿದರು. ಟವೆಲ್ಲು ಅಲುಗಿತು. ತುಸು ಹೊತ್ತಿಗೆ ಕಾಕಾನ ಮೀಸೆ ಕೊಂಕಿತು. ಆ ವರ್ಷದಲ್ಲಿ ನಾನು ನೋಡಿದ ಅವನ ಮೊದಲ ನಗು ಅದು.

“ಸಾಹೇಬ್ರ, ನಾ ಕೇಳಿದ್ದಕ್ಕಿಂತ ಹೆಚ್ಚ ಕೊಡಾಕ ಹತ್ತೀರಿ. ನೀವು ಸಂತಿಗೆ ಬರಬ್ಯಾಡ್ರಿ, ಮನಿ ಮಾರ್ಕೋತೀರಿ.”

ಚಿಗವ್ವ ಸೆರಗಿನಲ್ಲಿ ನಕ್ಕಳು. ಡಾಕ್ಟರೂ ನಕ್ಕರು, ಆದರೆ ಕೈ ತೆಗೆಯಲಿಲ್ಲ. ಅವರ ಮುಖ ಬದಲಾಯಿತು.

“ನಿಮ್ಮ ಕೈ ನಡಗ್ಲಿಕತ್ತದಲ್ಲ.”

ಕಾಕಾ ಕೈ ಎಳೆದುಕೊಳ್ಳಲು ನೋಡಿದ, ಡಾಕ್ಟರು ಬಿಡಲಿಲ್ಲ.

“ಪ್ರತಿ ಸಲಾನೂ ಕೇಳೀನಿ. ಇಲ್ಲ ಅಂದೀರಿ.”

“ದಲಾಲನ ಕೈ ನಡಗತೈತಿ ಅಂತ ಬಾಯಿಲೆ ಹೆಂಗ ಹೇಳೂದ್ರಿ?” ಎಂದ ಕಾಕಾ.

ಆಮೇಲೆ ಎಲ್ಲ ಹೊರಬಿತ್ತು. ಟವೆಲ್ಲಿನ ಕೆಳಗೆ ನಡುಗುವ ಕೈಗೆ ಒಂದೇ ಅರ್ಥ: ಇವನಿಗೆ ಗರಜು ಇದೆ. ಮಾರಲೇಬೇಕಾಗಿದೆ, ತಡೆಯಲಾರ. ಅಂಥ ಕೈ ಸಿಕ್ಕರೆ ಕೊಳ್ಳುವವನು ಏರಿಸುವುದಿಲ್ಲ, ಇಳಿಸುತ್ತಾನೆ. ಗುಳಿಗೆಯಿಂದ ಕಾಕಾನ ತಲೆ ಶಾಂತವಾಗಿತ್ತು, ಅದೇ ಗುಳಿಗೆಯಿಂದ ನಡುಗತೊಡಗಿದ ಕೈ ಮಾತ್ರ ಇಡೀ ಚಳಿಗಾಲ ಎದುರಿನವನಿಗೆ ಸುಳ್ಳು ಹೇಳುತ್ತಿತ್ತು. ಧ್ವನಿ ಇದ್ದಾಗ ಗುಟ್ಟು ಒಡೆಯುತ್ತದೆ ಎಂಬ ಭಯ ಅವನೊಬ್ಬನದು. ಧ್ವನಿ ಹೋದ ಮೇಲೆ ರೈತರ ಎತ್ತು ಅಗ್ಗಕ್ಕೆ ಹೋಗುತ್ತಿದ್ದದ್ದು ನಿಜ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಅವನು ಏನು ಮಾಡಬೇಕು? “ತಲಿ ಕೆಟ್ಟರ ನನಗೊಬ್ಬಗ ನಷ್ಟರಿ” ಎಂದ. “ಕೈ ಕೆಟ್ಟರ ಊರಿಗೆ ನಷ್ಟ.” ಈ ಸಲವೂ ಗುಳಿಗೆ ಬಿಡುವುದೆಂದು ಅವನು ಆಗಲೇ ನಿಶ್ಚಯ ಮಾಡಿದ್ದನಂತೆ.

ಡಾಕ್ಟರು ಅಲ್ಲೇ ನಿಂತು ಗುಳಿಗೆಯ ಪ್ರಮಾಣ ಇಳಿಸಿದರು, ನಡುಕಕ್ಕೆಂದು ಇನ್ನೊಂದು ಸಣ್ಣ ಬಿಳಿ ಗುಳಿಗೆ ಸೇರಿಸಿದರು. ಬಾಯಿ ಒಣಗುತ್ತದೆ ಎಂದು ಎಚ್ಚರಿಸಿದರು. “ಒಣಗ್ಲಿ ಬಿಡ್ರಿ” ಎಂದ ಕಾಕಾ, “ಬಾಯಿಲೆ ಏನ ಕೆಲಸ ಐತಿ ನಂದು?”

ಪ್ರಮಾಣ ಇಳಿದ ಮೇಲೆ ಧ್ವನಿ ಸ್ವಲ್ಪ ತಿರುಗಿ ಬಂತು. ಅದು ಗೊತ್ತಿದ್ದೇ ಇಳಿಸಿದ್ದರು ಎಂದು ಆಮೇಲೆ ತಿಳಿಯಿತು. ಉಳಿದ ಧ್ವನಿಯ ಕೆಲಸ ಇನ್ನು ಮಾತಿನ ಖೋಲಿಯದು. ಎಷ್ಟು ಜೋರಿದೆ ಎಂದು ಬಾಯಾರು ಪ್ರತಿಸಲ ಕೇಳುತ್ತಿದ್ದರು. ಬಾಯಿಬಿಟ್ಟು ಹೇಳಿದರೆ ಧ್ವನಿಗೂ ಕೇಳಿಸುತ್ತದೆ ಎಂದು ಕಾಕಾ ಹೆದರುತ್ತಿದ್ದ. ಹೀಗಾಗಿ ನಾನು ನಡುವೆ ಕೂತೆ. ಅವನು ಟವೆಲ್ಲಿನ ಕೆಳಗೆ ನನ್ನ ಬೆರಳು ಹಿಡಿಯುವುದು, ನಾನು ಬಾಯಾರಿಗೆ ಹೇಳುವುದು. ಅಂಗೈ ಹಿಡಿದರೆ ಸಂತೆಯ ಗದ್ದಲ. ಎರಡು ಬೆರಳಿಗೆ ಬಾಜು ಮನೆಯ ಮಾತು. ದಲಾಲಿಯ ಕೆಲಸ ನಾನು ಮಾಡಿದ್ದು ಅಷ್ಟೇ.

ಎರಡು ಬೆರಳಿಗೆ ಇಳಿದ ಒಂದು ದಿನ ಬಾಯಾರು ತಮ್ಮ ಹಳೆಯ ಪ್ರಶ್ನೆಯನ್ನು ಹೊರತೆಗೆದರು. ಅದೇ ಮಾತು, ಅದೇ ಧಾಟಿ. ಎಲ್ಲರಿಗೂ ಕೊನೇ ರೇಟು ಕೇಳಿಸಿದ್ದರೆ ಹೆಚ್ಚು ಯಾಕೆ ಕೊಡುತ್ತಾರೆ?

ಈ ಸಲ ಕಾಕಾ ತಡಮಾಡಿದ. “ನೋಡಿ ಹೇಳತೀನ್ರಿ” ಎಂದ.

ಮುಂದಿನ ಸಂತೆಗೆ ನಾನು ಬೇಕೆಂದೇ ಹೋದೆ. ತಂಬೂರಿನ ರೈತನೊಬ್ಬ ಒಂಟಿ ಎತ್ತು ತಂದಿದ್ದ. ಕಿವಿಯಲ್ಲಿ ರೇಟು ಹೇಳಿ ದೂರ ಸರಿದ. ಎದುರಿಗೆ ಮಾಬುಸಾಬ. ಟವೆಲ್ಲು ಬಿತ್ತು. ಕಾಕಾನ ಕತ್ತು ಒಮ್ಮೆ ಹಿಂದಕ್ಕೆ ತಿರುಗಿತು. ಧ್ವನಿ ಕೂಗಿತು ಎಂದು ನನಗೆ ಗೊತ್ತಾಯಿತು. ಅವನು ಕೈ ಬಿಡಲಿಲ್ಲ. ಮಾಬುಸಾಬನ ಮುಖವನ್ನು ನೋಡುತ್ತ ನಿಂತ. ಟವೆಲ್ಲು ಅಲುಗುತ್ತಲೇ ಇತ್ತು. ಕೊನೆಗೆ ಮಾಬುಸಾಬ, “ಹೋಗ್ಲಿ ಬಿಡು ಮಾರಾಯಾ, ನಿನ್ನ ಕೈ ಈಗ ಕಬ್ಬಿಣ ಆಗೇತಿ” ಎಂದು ಕೈ ಕೊಡವಿಕೊಂಡ. ಎತ್ತು ಮಾರಾಟವಾಗಿತ್ತು, ರೈತ ಹೇಳಿದ್ದಕ್ಕಿಂತ ಹೆಚ್ಚಿಗೆ.

ಕಾಕಾ ಅವನನ್ನು ಬದಿಗೆ ಕರೆದು ಕೇಳಿದ: “ನನ್ನ ಕೊನೇ ರೇಟು ನಿನಗ ಕೇಳಿಸ್ತೇನು?”

“ಕೇಳಿಸಿದ್ರ ಇಷ್ಟ ಕೊಡತಿದ್ನೇನಲೇ, ಹುಚ್ಚ?” ಎಂದ ಮಾಬುಸಾಬ. ಹುಚ್ಚ ಎಂಬ ಮಾತು ಬಾಯಿಂದ ಬಿದ್ದೊಡನೆ ಅವನ ಮುಖ ಕಪ್ಪಿಟ್ಟಿತು. ಕಾಕಾ ಮಾತ್ರ ಅಂದು ಡಾಕ್ಟರ ಮುಂದೆ ನಕ್ಕ ಹಾಗೆ ನಕ್ಕ. ಮಾಬುಸಾಬ ಆ ಸಂಜೆ ಚಹಾದಂಗಡಿಯಲ್ಲಿ ಒಪ್ಪಿಕೊಂಡ: “ಆವಾಗ ನಿನ್ನ ಕೈ ನಡಗೂದು ನೋಡಿ, ಏನೋ ಗರಜ ಐತಿ ಅಂತ ನಾನೂ ಇಳಿಸೀನಿ. ಯಾಪಾರ ಯಾಪಾರನ.” ಕಾಕಾ ಅವನ ಚಹಾವನ್ನೂ ತಾನೇ ಕುಡಿದುಬಿಟ್ಟ. ಹಳೆಯದಕ್ಕೆಲ್ಲ ಅದೇ ದಂಡ.

ಅಲ್ಲಿಂದ ಮುಂದೆ ಅವನು ಗುಳಿಗೆ ಬಿಟ್ಟದ್ದು ನನಗೆ ಗೊತ್ತಿಲ್ಲ. ಧ್ವನಿ ಪೂರ್ತಿ ಹೋದದ್ದೂ ಗೊತ್ತಿಲ್ಲ. ಟ್ರ್ಯಾಕ್ಟರುಗಳು ಬಂದು ಎತ್ತಿನ ಸಂತೆ ಸಣ್ಣದಾಗುವ ತನಕ ಅವನು ದಲಾಲಿ ಮಾಡಿದ.

ಯಾವುದು ವಾಸಿ ಮಾಡಿತು ಎಂದು ನಾನು ವರ್ಷಗಟ್ಟಲೆ ಕೇಳಿದ್ದೇನೆ. ನನ್ನ ಕಸುಬಿನ ಚಟ ಅದು, ಶೀರ್ಷಿಕೆಗೆ ಒಂದೇ ಕಾರಣ ಬೇಕು. ಗುಳಿಗೆಯೆ? ಗುಳಿಗೆ ಮೊದಲ ಸಲವೂ ಇತ್ತು, ಅದನ್ನು ಬಿಟ್ಟ. ಪ್ರಶ್ನೆಯೆ? ಅದೇ ಪ್ರಶ್ನೆಯನ್ನು ಮೊದಲ ಸಲ ಅವನು ಒಂದೇ ಮಾತಿನಲ್ಲಿ ಹೊಡೆದುಹಾಕಿದ್ದ. ಎರಡನೆಯ ಸಲ ಅದು ತಾಗಿದಾಗ ಧ್ವನಿ ಎರಡು ಬೆರಳಿಗೆ ಇಳಿದಿತ್ತು, ಅದನ್ನು ಇಳಿಸಿದ್ದು ಗುಳಿಗೆ. ಆ ಗುಳಿಗೆ ಅವನ ಕೈಗೆ ಹೊಂದುವಂತಾದದ್ದು ಮಾತಿನ ಖೋಲಿಯಲ್ಲಿ. ಚಿಗವ್ವನನ್ನು ಕೇಳಿದರೆ ತೋಳಿನ ಅಂತ್ರ ತೋರಿಸುತ್ತಾಳೆ. ಆಮೇಲೆ ದನಿ ತಗ್ಗಿಸಿ, “ಗುಳಗಿ ನಾನ ಕೊಡತೀನಪ್ಪಾ, ಅವರ ಕೈಯಾಗ ಬಿಡೂದಿಲ್ಲ” ಎನ್ನುತ್ತಾಳೆ.

ಕ್ಲಿನಿಕ್ಕಿನಿಂದ ಬಂದ ಮರುವಾರ ನಾನು ಯರಗುಪ್ಪಿಗೆ ಹೋದೆ. ಕಾಕಾನಿಗೆ ಈಗ ಕಿವಿ ಮಂದ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಬೆರಳಿಗೆ ಚಿಮಟ ಹಾಕಿದ ಕತೆ ಹೇಳಿ, ಹಳೆಯ ಪ್ರಶ್ನೆಯನ್ನೂ ಕೇಳಿದೆ, ಜೋರಾಗಿ, ಎರಡೆರಡು ಸಲ. ಅವನು ಕೈ ಚಾಚಿದ. ಕೈ ಕೊಟ್ಟೆ. ಹೆಗಲಿನ ಟವೆಲ್ಲು ತೆಗೆದು ಮೇಲೆ ಹಾಕಿದ.

ಟವೆಲ್ಲಿನ ಕೆಳಗೆ ಅವನು ನನ್ನ ಕಿರುಬೆರಳಿನ ತುದಿಯನ್ನಷ್ಟೇ ಹಿಡಿದ. ಇವತ್ತು ಧ್ವನಿ ಅಷ್ಟೇ ಇದೆ ಎಂದು ನಾನು ಓದಿಕೊಂಡೆ. ಆಮೇಲೂ ಅವನು ಕೈ ಬಿಡಲಿಲ್ಲ.

“ನಿನ್ನ ಕೈ ನಡಗತೈತಲ್ಲೋ” ಎಂದ. “ಏನ ಗರಜ ಐತಿ?”

ವಯಸ್ಸಾಯಿತಲ್ಲ ಕಾಕಾ ಎಂದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಅವನು ಆ ರೇಟಿಗೆ ಒಪ್ಪಲಿಲ್ಲ. ಒಳಗಿನಿಂದ ಚಿಗವ್ವ ಒಂದು ಕೈಯಲ್ಲಿ ನೀರಿನ ತಂಬಿಗೆ, ಒಂದು ಕೈಯಲ್ಲಿ ಗುಳಿಗೆ ಹಿಡಿದು ಬಂದಳು. ಕಾಕಾ ಟವೆಲ್ಲಿನೊಳಗಿಂದ ಕೈ ತೆಗೆದು ಗುಳಿಗೆ ತೆಗೆದುಕೊಂಡ, ನೀರು ಕುಡಿದ, ತಿರುಗಿ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟು ನನ್ನ ಬೆರಳು ಹಿಡಿದ.